ಸೋಬಾನೆ ಪುಸ್ತಕದ ಹಿಂಬದಿ

ನಿಘಂಟು ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನಗೆ ಮೈ ಉರಿಯುತ್ತದೆ. ಜೀವಮಾನವೆಲ್ಲ ಕನ್ನಡ ಪಾಠ ಹೇಳಿದವನು ಹೀಗೆ ಬರೆಯಬಾರದು, ಗೊತ್ತು. ಆದರೂ ಬರೆಯುತ್ತೇನೆ.

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ಕಾಲ. ಮಡಿಕೇರಿಯ ಪುರೋಹಿತರ ಮನೆಯವನಾದ ನನಗೆ ಮೇಷ್ಟ್ರ ಕೆಲಸ ಸಿಕ್ಕಿದ್ದು ಉತ್ತರದ ತುದಿಯಲ್ಲಿ, ಶನಿವಾರಸಂತೆಯಲ್ಲಿ ಬಸ್ಸಿಳಿದು ಮೂರು ಮೈಲಿ ನಡೆಯಬೇಕಾದ ಹಳ್ಳಿಯಲ್ಲಿ. ಶಾಲೆ ಬಿಟ್ಟ ಮೇಲೆ ಹೊತ್ತು ಹೋಗುತ್ತಿರಲಿಲ್ಲ. ಗಡಿಯಾಚೆ, ಮೈಸೂರು ರಾಜ್ಯದ ಒಂದು ಊರಿನಲ್ಲಿ ಕೆಲವು ಪಂಡಿತರು ಸೇರಿ ನಿಘಂಟಿನ ಕಚೇರಿ ತೆರೆದಿದ್ದರು. ಅವರಿಗೆ ಚೀಟಿ ಬರೆದುಕೊಡುವ ಕೆಲಸ ಹಿಡಿದೆ. ಸಂಬಳ ಗಿಂಬಳ ಏನಿಲ್ಲ, ಬರೀ ಗೌರವ. ಹಳೆಯ ಕಾವ್ಯದಿಂದ ಒಂದು ಪದ ಆರಿಸಿ, ಅಂಗೈಯಗಲದ ರಟ್ಟಿನ ಚೀಟಿಯ ಮೇಲ್ಗಡೆ ಬರೆದು, ಕೆಳಗೆ ಅದು ಬರುವ ಸಾಲು, ಪುಸ್ತಕದ ಹೆಸರು, ಪುಟ, ಸಾಲಿನ ಸಂಖ್ಯೆ ನಮೂದಿಸಬೇಕು. ಇಂಥ ಸಾವಿರಾರು ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿದರೆ, ಒಂದು ಪದ ಶಾಸನದ ಕಾಲದಲ್ಲಿ ಹೇಗಿತ್ತು, ಆಮೇಲೆ ಏನಾಯಿತು, ಈಗ ಯಾರ ಬಾಯಲ್ಲಿ ಉಳಿದಿದೆ ಎನ್ನುವುದೆಲ್ಲ ಕಣ್ಣೆದುರು ನಿಲ್ಲುತ್ತದೆ. ನನಗೆ ಅದರ ಹುಚ್ಚೇ ಹಿಡಿಯಿತು.

ಹುಚ್ಚು ಜಾಸ್ತಿಯಾದದ್ದು ಶಾಲೆಯ ಪಕ್ಕದ ಮನೆಯ ಅಜ್ಜಿಯಿಂದ. ಸುತ್ತಲ ಹತ್ತು ಹಳ್ಳಿಯ ಮದುವೆಗಳಲ್ಲಿ ಸೋಬಾನೆ ಹೇಳುವ ಹೆಂಗಸು ಅವಳು. ಉಳಿದವರು ಹಿಂದಿನಿಂದ ಸೊಲ್ಲು ಹಿಡಿಯುತ್ತಿದ್ದರೇ ಹೊರತು ಮುಂದಿನ ಸಾಲು ಗೊತ್ತಿದ್ದದ್ದು ಅವಳೊಬ್ಬಳಿಗೆ. ನಾನು ಪುಸ್ತಕದಲ್ಲಿ ಮಾತ್ರ ಕಂಡಿದ್ದ ‘ನೇಸರು’ ಎಂಬ ಪದ ಅವಳ ಹಾಡಿನಲ್ಲಿ ನೆರೆಮನೆಯವನ ಹಾಗೆ ಬಂದು ಹೋಗುತ್ತಿತ್ತು. ಜಗಲಿಯಲ್ಲಿ ಕೂತು ಕೇಳಿ ಕೇಳಿ ನಲವತ್ತೈವತ್ತು ಚೀಟಿ ಬರೆದು ಕಳಿಸಿದೆ. ಎಲ್ಲವೂ ವಾಪಸು ಬಂದವು. ಪ್ರತಿ ಚೀಟಿಯ ಮೇಲೂ ಕೆಂಪು ಶಾಯಿಯಲ್ಲಿ ‘ಲಿಖಿತ ಆಧಾರವಿಲ್ಲ’ ಎಂದು ಗೀಚಿದ್ದರು. ಅರಸನ ಆಸ್ಥಾನದಲ್ಲಿ ಯಾವನೋ ಒಬ್ಬ ಒಂದೇ ಸಲ ಬಳಸಿದ ಪದಕ್ಕೆ ಮರ್ಯಾದೆ ಉಂಟು. ಅರವತ್ತು ವರ್ಷ ಮದುವೆ ಚಪ್ಪರಗಳಲ್ಲಿ ಹಾಡಿದವಳ ಪದಕ್ಕಿಲ್ಲ. ಯಾವ ಸೀಮೆಯ ನ್ಯಾಯ ಇದು?

ಆ ಸಿಟ್ಟಿನಲ್ಲಿದ್ದಾಗಲೇ ಅಜ್ಜಿಯ ಸೊಸೆಯ ಪುಸ್ತಕ ನನ್ನ ಕಣ್ಣಿಗೆ ಬಿತ್ತು. ಎರಡು ವರ್ಷದ ಹಿಂದೆ ಜ್ವರ ಬಂದು ಎದ್ದ ಮೇಲೆ ಅಜ್ಜಿಗೆ ಮರೆವು ಹತ್ತಿತ್ತು. ಸೊಸೆ ನಾಲ್ಕನೇ ಕ್ಲಾಸು ಓದಿದವಳು. ಅತ್ತೆಗೆ ನೆನಪು ಚೆನ್ನಾಗಿರುವ ಬೆಳಗಿನ ಹೊತ್ತು ನೋಡಿ, ಒಂದೊಂದೇ ಹಾಡು ಹೇಳಿಸಿ, ಮಕ್ಕಳ ಬರೆಯುವ ಪುಸ್ತಕದ ಎರಡೂ ಬದಿಗೆ ಒತ್ತೊತ್ತಾಗಿ ಬರೆದಿಟ್ಟುಕೊಂಡಿದ್ದಳು. ಅವಳ ಮಗಳ ಮದುವೆ ಮಾಘದಲ್ಲಿ ಗೊತ್ತಾಗಿತ್ತು. ಮೊಮ್ಮಗಳನ್ನು ಗಂಡನ ಮನೆಗೆ ಒಪ್ಪಿಸುವ ಹಾಡು ತಾನೇ ಹೇಳಬೇಕೆಂಬುದು ಅಜ್ಜಿಯ ಆಸೆ. ಪಕ್ಕದಲ್ಲಿ ಕೂತು ಸೊಸೆ ಸಾಲೆತ್ತಿಕೊಟ್ಟರೆ ಸಾಕು, ಅಜ್ಜಿ ಅದನ್ನು ರಾಗಕ್ಕೆ ಹಾಕಿ ಹೇಳುತ್ತಿದ್ದಳು.

ನೋಡಿ, ಲಿಖಿತ ಆಧಾರ! ಅದೇ ದಿನ ಕಚೇರಿಗೆ ಕಾಗದ ಹಾಕಿದೆ. ನಕಲು ನಡೆಯುವುದಿಲ್ಲ, ಮೂಲ ಪ್ರತಿಯನ್ನೇ ಕಳಿಸಿ, ಪರಿಶೀಲಿಸಬೇಕು ಎಂದು ಉತ್ತರ ಬಂತು. ಸೊಸೆಗೆ ಸುತರಾಂ ಇಷ್ಟವಿರಲಿಲ್ಲ.

“ಬ್ಯಾಡಿ ಮೇಷ್ಟ್ರೇ. ಮಾಘಕ್ಕೆ ಮದ್ವೆ ಐತೆ. ಇದೊಂದು ಹೋದ್ರೆ ಅತ್ತೆಮ್ಮಂಗೆ ದಾರೀನೇ ಇಲ್ಲ.”

“ಹದಿನೈದು ದಿನ ಅಮ್ಮಾ. ನಾನಿದ್ದೀನಲ್ಲ?” ಎಂದೆ.

ನಾನಿದ್ದೀನಂತೆ! ಎಂಥ ದೊಡ್ಡ ಮನುಷ್ಯ! ಅಜ್ಜಿಯೇ ನಡುವೆ ಬಾಯಿ ಹಾಕಿದಳು: “ಕೊಡೇ. ಮೇಷ್ಟ್ರು ಕೇಳ್ತಾವ್ರೆ, ಇಲ್ಲ ಅನ್ನಕ್ಕಾಯ್ತದಾ?” ಸೊಸೆ ಒಳಗೆ ಹೋಗಿ ಪುಸ್ತಕವನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ತಂದುಕೊಟ್ಟಳು. ಕಳಿಸುವ ಮುಂಚೆ ಒಂದು ನಕಲು ಮಾಡಿ ಆ ಮನೆಯಲ್ಲಿ ಬಿಡಬೇಕೆಂದು ನನಗೆ ಹೊಳೆಯಲಿಲ್ಲ. ದಿನಾ ಕೂತು ಕಂಡವರ ಕಾವ್ಯ ನಕಲು ಮಾಡುತ್ತಿದ್ದವನಿಗೆ ಹೊಳೆಯಲಿಲ್ಲ. ಇದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ, ನನ್ನನ್ನೇ ಬೈದುಕೊಳ್ಳಬೇಕು.

ಹದಿನೈದು ದಿನ ಹೋಗಿ ಮೂರು ತಿಂಗಳಾಯಿತು. ಬರೆದ ಕಾಗದಗಳಿಗೆ ಉತ್ತರವಿಲ್ಲ. ಸೊಸೆ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ನಾನು ಆ ಮನೆಯ ಮುಂದೆ ಹಾದರೆ ಕೆಲಸ ನಿಲ್ಲಿಸಿ ನೋಡುತ್ತಿದ್ದಳು. ಕೊನೆಗೆ ಒಂದು ಕಾರ್ಡು ಬಂತು: ‘ತಾವು ಒದಗಿಸಿದ ಕೃತಿಯನ್ನು ಚೀಟಿಗೆ ಇಳಿಸಲಾಗಿದೆ. ವಂದನೆಗಳು.’ ಪುಸ್ತಕದ ಸುದ್ದಿಯೇ ಇಲ್ಲ. ರಜೆ ಹಾಕಿ, ಕುಶಾಲನಗರದ ಸೇತುವೆ ದಾಟಿ, ಎರಡು ಬಸ್ಸು ಬದಲಿಸಿ ಹೋದೆ.

ಕಚೇರಿಯ ಮುಖ್ಯ ಪಂಡಿತರು ತುಂಬ ಸಜ್ಜನರು. ಕಾಫಿ ತರಿಸಿದರು. ಕೋಣೆಯ ಗೋಡೆ ತುಂಬ ಮರದ ಪೆಟ್ಟಿಗೆಗಳು, ಪೆಟ್ಟಿಗೆ ತುಂಬ ಚೀಟಿಗಳು. “ಪುಸ್ತಕ ಕೊಡಿ, ಹೊರಡುತ್ತೇನೆ” ಎಂದೆ. ಅವರು ನಗುತ್ತ ಒಂದು ಪೆಟ್ಟಿಗೆ ಎಳೆದು, ಒಂದು ಚೀಟಿ ತೆಗೆದು ಕೈಗಿಟ್ಟರು. ರಟ್ಟಿನ ಮೇಲೆ ಸೊಸೆಯ ಅಕ್ಷರದ ಎರಡು ಸಾಲು. ಯಾರೂ ನಕಲು ಮಾಡಿದ್ದಲ್ಲ. ಪುಸ್ತಕದಿಂದಲೇ ಕತ್ತರಿಸಿ ಅಂಟಿಸಿದ್ದು.

ಅಲ್ಲಿ ಅದು ರೂಢಿಯಂತೆ. ಅಚ್ಚಾದ ಪುಸ್ತಕವಾದರೆ ಕೈಯಲ್ಲಿ ಬರೆಯುತ್ತ ಕೂರದೆ ಎರಡು ಪ್ರತಿ ತರಿಸಿ, ಒಂದರಲ್ಲಿ ಹಾಳೆಗಳ ಮುಂಬದಿಯ ಸಾಲುಗಳನ್ನು, ಇನ್ನೊಂದರಲ್ಲಿ ಹಿಂಬದಿಯವನ್ನು ಕತ್ತರಿಸಿ ಚೀಟಿಗೆ ಮೆತ್ತುತ್ತಾರೆ. ತಪ್ಪೇನಿಲ್ಲ, ಅಂಗಡಿಯಲ್ಲಿ ಮತ್ತೊಂದು ಸಿಗುತ್ತದೆ. ಅದೇ ಕತ್ತರಿಯನ್ನು ಆ ಹೆಣ್ಣುಮಗಳ ಪುಸ್ತಕಕ್ಕೂ ಹಾಕಿದ್ದರು.

“ಗಾಬರಿಯಾಗಬೇಡಿ ಸ್ವಾಮಿ. ಒಂದಕ್ಷರವೂ ಪೋಲಾಗಿಲ್ಲ. ಎಲ್ಲ ಅಕಾರಾದಿಯಲ್ಲಿ ಭದ್ರವಾಗಿದೆ” ಎಂದರು ಪಂಡಿತರು.

“ಹಿಂದಿನ ಬದಿ?”

ಅವರು ಚೀಟಿ ತಿರುಗಿಸಿದರು. ಬರೀ ರಟ್ಟು. ಮತ್ತೆ ಮುಂದಕ್ಕೆ ತಿರುಗಿಸಿದರು. ಬರಹವಿದ್ದ ಹಾಳೆಯ ಹಿಂಬದಿಗೆ ಪೂರ್ತಿ ಅಂಟು ಸವರಿದ್ದಾರೆ ಎಂಬುದು ಅವರಿಗೂ ಆಗಲೇ ಹೊಳೆದದ್ದು. ಅಷ್ಟು ಜನ ಪಂಡಿತರಲ್ಲಿ ಒಬ್ಬನಿಗೂ, ಅರ್ಧ ಹಾಡು ಎಲ್ಲಿ ಹೋಯಿತು ಎಂದು ಅನುಮಾನ ಬಂದಿರಲಿಲ್ಲ. ಬರುವುದಾದರೂ ಹೇಗೆ? ಅವರ ಪೈಕಿ ಯಾರೂ ಅದನ್ನು ಹಾಡು ಎಂದು ಓದಿರಲೇ ಇಲ್ಲ.

“ತಾವು ಎರಡು ಪ್ರತಿ ಕಳಿಸಬೇಕಿತ್ತು” ಎಂದರು.

“ಕೈಬರಹಕ್ಕೆ ಎರಡನೇ ಪ್ರತಿ ಎಲ್ಲಿಂದ ತರಲಿ?”

“ನಿಯಮ ಹಾಗಿದೆ.”

ಬಾಯಿಗೆ ಬಂದ ಹಾಗೆ ಬೈದೆ. ಆ ಬೈಗುಳಗಳಿಗೂ ಲಿಖಿತ ಆಧಾರ ಸಿಕ್ಕಲಾರದು. ಚೀಟಿಗಳು ಕಚೇರಿಯ ಸ್ವತ್ತು, ಹೊರಗೆ ಕೊಡುವುದಿಲ್ಲ ಎಂದರು. ಮೂರು ದಿನ ಅಲ್ಲೇ ಕೂತು, ಶಾಸನ, ಕಾವ್ಯಗಳ ಚೀಟಿಗಳ ನಡುವೆ ಚದುರಿಹೋಗಿದ್ದ ಅಜ್ಜಿಯ ಸಾಲುಗಳನ್ನು ಹುಡುಕಿ ಹುಡುಕಿ, ಪುಟ ಮತ್ತು ಸಾಲಿನ ಸಂಖ್ಯೆ ಹಿಡಿದು, ಮುಂಬದಿಯದನ್ನೆಲ್ಲ ಹೊಸ ಪುಸ್ತಕಕ್ಕೆ ಇಳಿಸಿದೆ. ಒಂದು ಚೀಟಿಯನ್ನು ಕದ್ದು ನೀರಿನಲ್ಲಿ ನೆನೆಸಿಯೂ ನೋಡಿದೆ. ಕಾಗದ ಬಿಟ್ಟುಕೊಂಡಿತು, ಜೊತೆಗೆ ಎರಡೂ ಬದಿಯ ಶಾಯಿ ಕರಗಿಹೋಯಿತು. ಮತ್ತೆ ಇನ್ನೊಂದಕ್ಕೆ ಕೈ ಹಾಕುವ ಧೈರ್ಯ ಬರಲಿಲ್ಲ.

ಊರಿಗೆ ಬಂದು ನಡೆದದ್ದನ್ನೆಲ್ಲ ಸೊಸೆಗೆ ಹೇಳಿ ಪುಸ್ತಕ ಕೊಟ್ಟೆ. ಅವಳು ನಿಂತಲ್ಲೇ ಹಾಳೆ ಮಗುಚುತ್ತ ಹೋದಳು. ಕೂಗಾಡಿದ್ದರೆ ನನಗೆ ಎಷ್ಟೋ ಮೇಲಾಗುತ್ತಿತ್ತು.

“ಕತ್ರಿ ಹಾಕೋವಾಗ ಒಂದ್ಸಲ ತಿರುಗ್ಸಿ ನೋಡಕ್ಕೂ ಆಗ್ಲಿಲ್ವ ಅವ್ರಿಗೆ? ಅಷ್ಟು ಓದಿದೋರು” ಎಂದಳು.

ಅಂದಿನಿಂದ ದಿನಾ ಬೆಳಿಗ್ಗೆ ಅಜ್ಜಿಯ ಮುಂದೆ ಕೂತು, ಇದ್ದ ಸಾಲುಗಳನ್ನು ಓದಿ “ಮುಂದೇನು ಅತ್ತೆಮ್ಮ?” ಎಂದು ಕೇಳುತ್ತಿದ್ದಳಂತೆ. ಅರಿಶಿನದ ಹಾಡು ಸುಮಾರಾಗಿ ಕೂಡಿಬಂತು. ಧಾರೆಯ ಹಾಡೂ ಅಲ್ಲಲ್ಲಿ ಬಂತು. ಹೆಣ್ಣೊಪ್ಪಿಸುವ ಹಾಡು ಮಾತ್ರ ಬರಲಿಲ್ಲ. ಅದರಲ್ಲಿ ಮದುಮಗಳು ಮನೆಯ ಒಂದೊಂದಕ್ಕೂ ಹೇಳಿ ಹೊರಡುತ್ತಾಳೆ: ಮೊದಲು ಹೊಸಿಲಿಗೆ, ಆಮೇಲೆ ಒಲೆಗೆ, ಕೊಟ್ಟಿಗೆಗೆ. ಅಲ್ಲಿಗೆ ಮುಂಬದಿ ಮುಗಿಯುತ್ತದೆ. ಬಾವಿ, ಅಪ್ಪ, ಕೊನೆಗೆ ಹೆತ್ತವ್ವ, ಈ ಮೂವರು ಹಿಂಬದಿಯಲ್ಲಿದ್ದರು. ಕಚೇರಿಯ ಪೆಟ್ಟಿಗೆಯಲ್ಲಿ ಅವರ ಮುಖವೆಲ್ಲ ರಟ್ಟಿಗೆ ಅಂಟಿತ್ತು.

ಮದುವೆಗೆ ಹೋಗಬಾರದು ಎಂದುಕೊಂಡಿದ್ದೆ. ಅಜ್ಜಿಯೇ ಹೇಳಿಕಳಿಸಿದಳು. ಮಧ್ಯಾಹ್ನ ಊಟವಾದ ಮೇಲೆ ಹೆಣ್ಣೊಪ್ಪಿಸುವ ಶಾಸ್ತ್ರಕ್ಕೆ ಎಲ್ಲರೂ ಚಪ್ಪರದಡಿ ಸೇರಿದರು. ಅಜ್ಜಿ ಹೊಸ ಸೀರೆ ಉಟ್ಟು ಚಾಪೆಯ ನಡುವೆ ಕೂತಿದ್ದಳು, ಪಕ್ಕದಲ್ಲಿ ಸೊಸೆ. ಅವಳು ಮೆಲ್ಲಗೆ ಸಾಲೆತ್ತಿಕೊಟ್ಟಳು, ಅಜ್ಜಿ ಹಾಡಿದಳು, ಹೆಂಗಸರು ಸೊಲ್ಲು ಹಿಡಿದರು. ಎಂಥ ಕಂಠ ಅದು! ಹೊಸಿಲಾಯಿತು. ಒಲೆಯಾಯಿತು. ಕೊಟ್ಟಿಗೆಯ ಹಸುವಿಗೆ ಹೇಳುವಾಗ ಮದುಮಗಳು ಬಿಕ್ಕಿ ಅಳುತ್ತಿದ್ದಳು. ಹಾಡು ನಿಂತಿತು.

ಅಜ್ಜಿ ಸೊಸೆಯ ಕಡೆ ತಿರುಗಿದಳು. “ಮುಂದ್ಲುದು ಹೇಳೇ.”

ಸೊಸೆ ಪುಸ್ತಕ ನೋಡಲಿಲ್ಲ. ತಲೆಯೆತ್ತಿ, ಗಂಡಸರ ಸಾಲಿನಲ್ಲಿ ಕೂತಿದ್ದ ನನ್ನನ್ನು ನೋಡಿದಳು.

“ಮುಂದ್ಲುದು ಮೇಷ್ಟ್ರ ತಾವ ಐತೆ ಅತ್ತೆಮ್ಮ.”

ಚಪ್ಪರದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಅಜ್ಜಿಗೆ ಕತ್ತರಿಯ ವಿಷಯ ಮೊದಲೇ ಹೇಳಿದ್ದರೂ ಅವಳಿಗೆ ನೆನಪಿದ್ದಂತಿರಲಿಲ್ಲ. ಮೊಮ್ಮಗಳ ಕೈ ಹಿಡಿದುಕೊಂಡು, ನಂಬಿಕೆಯ ಮುಖದಲ್ಲಿ ನನ್ನನ್ನೇ ನೋಡುತ್ತ, “ಹೇಳಿ ಮೇಷ್ಟ್ರೇ” ಎಂದಳು.