ಏಳನೇ ಮಡಿಗೆ ಕುಡಿಯುವ ನೀರು

ಹನ್ನೊಂದು ವರ್ಷಗಳಿಂದ ತೊಫಜ್ಜಲ್ ಗಾಜಿಯ ಉದ್ಯೋಗ ಒಂದೇ: ಭತ್ತ ಸಾಯುವುದನ್ನು ನೋಡಿ ಬರೆದಿಡುವುದು. ಸಮುದ್ರದಂಚಿನ ಸಾತ್‌ಖೀರಾದ ಉಪ್ಪುನೆಲದಲ್ಲಿ ಇಪ್ಪತ್ತು ಮಡಿ, ಇಪ್ಪತ್ತು ತಳಿ. ಉಪ್ಪು ತಡೆದು ನಿಲ್ಲುವ ಒಂದೇ ಒಂದು ತಳಿಗಾಗಿ ಹುಡುಕಾಟ. ದಿನಾ ಬೆಳಿಗ್ಗೆ ಮಡಿಮಡಿಯ ನೀರಿಗೂ ಮೀಟರು ಅದ್ದಿ, ಉಪ್ಪೆಷ್ಟಿದೆ ಎಂದು ಪುಸ್ತಕದಲ್ಲಿ ಬರೆಯಬೇಕು. "ಹೆಣ ಕಾಯೋದಕ್ಕೂ ನನಗೆ ಸಂಬಳ ಕೊಡ್ತಾರೆ ನೋಡ್ರಪ್ಪಾ!" ಎಂದು ಚಹಾದಂಗಡಿಯಲ್ಲಿ ಹೇಳಿಕೊಂಡು ನಗುತ್ತಿದ್ದ. ಬೇರೆಯವರು ನಗುವ ಮೊದಲೇ ತಾನು ನಕ್ಕುಬಿಟ್ಟರೆ ಮಾನ ಉಳಿಯುತ್ತದೆಂದು ಅವನ ನಂಬಿಕೆ.

ಆ ಸಲ, ಸಂಶೋಧನೆಗೆ ಹಣ ಕೊಡುವ ಪರದೇಶದವರು ಬರುತ್ತಾರೆಂದು ವಿಜ್ಞಾನಿ ಶಿರೀನ್ ಆಪಾ, ಎಂದರೆ ಶಿರೀನಕ್ಕ, ಫೋನ್ ಮಾಡಿದಳು. ಗಾಜಿ ಗದ್ದೆಯ ಕಡೆ ತಿರುಗಿ ನೋಡಿದ. ನೆಂಟರು ಬಂದರೆ ಇದ್ದೊಂದು ಕೋಳಿಯನ್ನೂ ಕೊಯ್ದು ಬಡಿಸುವ ಊರಿದು. ಸಮುದ್ರ ದಾಟಿ ಬಂದವರಿಗೆ ಒಣಗಿದ ಗದ್ದೆ ತೋರಿಸುವುದೇ? ಛೀ! ದಾರಿ ಪಕ್ಕದ ಏಳನೇ ಮಡಿಗೆ ಹನ್ನೆರಡು ದಿನ ಸಿಹಿನೀರಿನ ಕೊಳದಿಂದ ಕೊಡ ಹೊತ್ತ.

"ಮನುಷ್ಯರು ಕುಡಿಯೋ ನೀರು ಕಣ್ರೀ ಅದು!" ಹೆಂಡತಿ ಮನೊವಾರಾ ರೇಗಿದಳು. "ನಿಮ್ ಭತ್ತ ಶರಬತ್ತು ಕುಡೀಲಿ, ನಾನು ಉಪ್ಪುನೀರು ಕುಡ್ಕೊಂಡು ಬಿದ್ದಿರ್ತೀನಿ!"

ಮಡಿ ಹಸಿರಾಯಿತು. ಅತಿಥಿಗಳು ಕಂಡು ಹಿಗ್ಗಿಹೋದರು. ಏಳನೇ ಮಡಿಯ ಬೀಜವನ್ನು ಇನ್ನೂರು ಮನೆಗಳಿಗೆ ಹಂಚಲು ಹಣ ಕೊಡುತ್ತೇವೆ ಎಂದರು. ಗಾಜಿ ಬಾಯಿಗಿಡಹೊರಟಿದ್ದ ಪಿಠಾವನ್ನು, ಅತಿಥಿಗಳಿಗೆಂದು ಮಾಡಿಸಿದ ಅಕ್ಕಿಹಿಟ್ಟಿನ ಕಡುಬನ್ನು, ತಟ್ಟೆಗೇ ವಾಪಸ್ಸಿಟ್ಟ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಬಿಡದಿದ್ದರೆ ಇನ್ನೂರು ಮನೆಯ ಅನ್ನ ಹೋಗುತ್ತದೆ.

"ಆಪಾ, ನಾನು ಕತ್ತೆ. ಅದು ಉಪ್ಪು ತಡ್ಕೊಂಡಿಲ್ಲ. ನಾನೇ ಕೊಳದ ನೀರು ಹೊಯ್ದೆ, ಬಂದೋರ ಮುಂದೆ ಮರ್ಯಾದೆ ಹೋಗ್ಬಾರ್ದು ಅಂತ."

ಶಿರೀನಳ ಮುಖ ಕೆಂಪೇರಿತು. ಅವನ ಕೈಯಿಂದ ಉಪ್ಪಿನ ಲೆಕ್ಕದ ಪುಸ್ತಕ ಕಿತ್ತುಕೊಂಡು ತೆರೆದಳು. ಏಳನೇ ಮಡಿಯ ಉಪ್ಪು ದಿನದಿನಕ್ಕೆ ಇಳಿದದ್ದನ್ನು ಈ ಮಹಾರಾಯ ಒಂದಂಕಿ ತಪ್ಪದೆ ತಾನೇ ಬರೆದಿದ್ದ! ಕದಿಯಲೂ ಬಾರದ ಕಳ್ಳ.

"ಹಾಗಾದ್ರೆ ನಿಜವಾಗ್ಲೂ ಬದುಕಿರೋದು ಒಂದೂ ಇಲ್ವಾ, ಚಾಚಾ?"

"ಹದಿನಾಲ್ಕನೇ ಮಡೀಲಿ ನಾಲ್ಕು ಬುಡ ಇದೆ. ಬಡಕಲು. ತೋರ್ಸೋಕೆ ನಾಚಿಕೆಯಾಗಿ ಅಡ್ಡಕ್ಕೆ ಶಾಮಿಯಾನ ಕಟ್ಟಿಸ್ದೆ."

ಶಿರೀನ್ ಶಾಮಿಯಾನದ ಬಟ್ಟೆ ಸರಿಸಿ ಕೆಸರಿಗಿಳಿದಳು. ಅತಿಥಿಗಳೂ ಬೂಟು ಬಿಚ್ಚಿ ಹಿಂದೆಯೇ ಇಳಿದರು.

"ಇದಕ್ಕೂ ನೀರು ಹಾಕಿದ್ರಾ? ನಿಜ ಹೇಳಿ."

"ಅಯ್ಯೋ, ಇಷ್ಟು ಬಡಕಲಿಗೆ ಯಾರು ನೀರು ಹೊರ್ತಾರೆ, ಆಪಾ!"

ಅವಳು ಆ ನಾಲ್ಕು ಬುಡಗಳ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಕಣ್ಣು ತುಂಬಿತ್ತು.

"ಇದಕ್ಕೇ ಚಾಚಾ, ನಾವಿಬ್ರೂ ಇಷ್ಟು ವರ್ಷ ಕಾದಿದ್ದು. ನಾಳೆ ಬೆಳಿಗ್ಗೆ ಬಂದು ಬೇಲಿ ಕಟ್ಟಿ. ನೀವೇ ಬರ್ಬೇಕು."