ಪರದೆಯ ಮೇಲೆ ಕಂಡ ಅವ್ವನ ಸೋಮಾರಿತನ

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಆದ್ದರಿಂದ ತಪ್ಪಿಲ್ಲದೆ ಬರೆಯಬೇಕೆಂಬ ಭಯ ಇಂದಿಗೂ ನನ್ನನ್ನು ಬಿಟ್ಟಿಲ್ಲ. ವೈದ್ಯಕೀಯ ವಿವರಗಳಲ್ಲಿ ಲೋಪ ಕಂಡರೆ ಬಲ್ಲವರು ಮನ್ನಿಸಬೇಕು.

ಎಂಬತ್ತರ ದಶಕದ ಕೊನೆಯ ಮಾತು. ತಮಿಳುನಾಡಿನ ಗಡಿಯೊಳಗಿನ ದೊಡ್ಡಗಾಜನೂರಿನ ನಮ್ಮ ಮನೆಯಲ್ಲಿ ಅವ್ವನಿಗೆ ಏದುಸಿರು ಹತ್ತಿ, ಕಾಲುಗಳು ಊದತೊಡಗಿದ್ದವು. ಉಬ್ಬಸವೆಂದು ಕೊಟ್ಟ ಮದ್ದು ಯಾವುದೂ ನಾಟಲಿಲ್ಲ. ವಿಚಿತ್ರವೆಂದರೆ, ಮಲಗಿದರೆ ಅವಳಿಗೆ ಏನೂ ಇರುತ್ತಿರಲಿಲ್ಲ. ಎದ್ದು ನಿಂತರೆ ಉಸಿರು ಕಟ್ಟುತ್ತಿತ್ತು. ಅವಳ ಅತ್ತೆ, ಅಂದರೆ ನನ್ನ ಅಜ್ಜಿ, ಈ ಕಾಯಿಲೆಯನ್ನು ನಂಬಿರಲೇ ಇಲ್ಲ.

"ಚಾಪ ಕಂಡ್ರ ಉಸ್ರು ಬತ್ತದ, ಕೊಟ್ಗ ಕಂಡ್ರ ಉಸ್ರು ಓಯ್ತದ. ಇದ್ಯಾವ ಸೀಮ ಕಾಯ್ಲ ಕಣ್ಲಾ?"

ಕೊಯಮತ್ತೂರಿನ ಆಸ್ಪತ್ರೆಗೆ ಹೊರಟಾಗ ಅಜ್ಜಿಯೂ ಬಸ್ಸು ಹತ್ತಿದಳು. "ನೀನು ನಿಮ್ಮವ್ವನ ಪರ. ಡಾಕ್ಟ್ರಿಗ ನಿಜಾನ ನಾನೇ ಏಳ್ತೀನಿ."

ನನಗೋ ಮಾನದ ಚಿಂತೆ. ರೋಗಲಕ್ಷಣಗಳನ್ನು ಇಂಗ್ಲಿಷಿನಲ್ಲಿ ಮೂರು ಬಾರಿ ತಿದ್ದಿ ಬರೆದಿದ್ದೆ. ಮಲಗಿದರೆ ವಾಸಿ ಎಂಬುದನ್ನು ಮಾತ್ರ, ಅವ್ವ ಸೋಮಾರಿ ಎನಿಸೀತೆಂದು, ಬಿಟ್ಟಿದ್ದೆ.

ಕನ್ನಡ ಬಲ್ಲ ವೈದ್ಯರು ನನ್ನ ಹಾಳೆಯನ್ನು ಓದಿ, ಅವ್ವನ ಎದೆಯ ಸದ್ದು ಆಲಿಸಿದರು. ಕೂತಾಗ ಕೇಳಿದ ಅಸಹಜ ಸದ್ದು ಮಲಗಿದಾಗ ಕೇಳಿಸದೆ ಹುಬ್ಬು ಗಂಟಿಕ್ಕಿದರು. ಅಜ್ಜಿ ನನ್ನನ್ನು ಸರಿಸಿ ಮುಂದೆ ಬಂದಳು.

"ಮನಿಕ್ಕಂಡ್ರ ಮಾರಾಣಿ ಕಣಪ್ಪ. ಎದ್ದು ನಿಂತ್ರ ಉಸ್ರು ಕಟ್ತದ ಅಂತಾಳ. ಬರೀ ನಾಟ್ಕ!"

"ಅತ್ತಮ್ಮ ಏಳದು ದಿಟ ಸಾ," ಎಂದಳು ಅವ್ವ, ಮೆಲ್ಲಗೆ.

ನಾನು ನೆಲ ನೋಡಿದೆ. ವೈದ್ಯರು ಮಾತ್ರ ಕುರ್ಚಿ ಎಳೆದು ಅಜ್ಜಿಯನ್ನು ಕೂರಿಸಿ, "ಇದು ಹಾಳೆಯಲ್ಲಿಲ್ಲ. ಇನ್ನೊಮ್ಮೆ ಹೇಳಿ ಅಮ್ಮಾ" ಎಂದರು. ಕೇಳಿದವರೇ ಅವ್ವನನ್ನು ಎಕೋ ಯಂತ್ರದ ಕೋಣೆಗೆ ಕರೆದೊಯ್ದರು.

ಪರದೆಯ ಮೇಲೆ ಅವ್ವನ ಹೃದಯ ಬಡಿದುಕೊಳ್ಳುತ್ತಿತ್ತು. ಅದರ ಎಡ ಮೇಲ್ಕೋಣೆಯೊಳಗೆ ಒಂದು ಗಡ್ಡೆ ತೂಗಾಡುತ್ತಿತ್ತು. ಎದ್ದಾಗ ಅದು ಜಾರಿ ಕವಾಟಕ್ಕೆ ಅಡ್ಡ ನಿಲ್ಲುತ್ತದೆ, ಮಲಗಿದಾಗ ಸರಿಯುತ್ತದೆ; ದಾರಿ ಕಟ್ಟಿದ್ದರಿಂದ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದೆ ಎಂದು ವೈದ್ಯರು ವಿವರಿಸಿದರು. ಬಲು ಅಪರೂಪದ ಕಾರಣವಂತೆ. ಗಡ್ಡೆ ತೆಗೆದರೆ ಗುಣವಾಗಬಹುದಂತೆ.

ಅಜ್ಜಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. "ಅಯ್ಯೋ ಶಿವನೇ, ದನದ ಕೊರಳ ಗಂಟ ನಾಲ್ಗ ಆಡ್ದಂಗ ಆಡ್ತದಲ್ಲ!" ಆಮೇಲೆ ನನ್ನತ್ತ ತಿರುಗಿದಳು. "ಓದ್ದೋನು ನೀನು, ಇದ ಯಾಕ್ಲಾ ಬರೀದೆ ಬುಟ್ಟೆ?"

ಶಸ್ತ್ರಚಿಕಿತ್ಸೆಯಾಗಿ ಅವ್ವ ಗುಣಮುಖಳಾದಳು. ಅಂದಿನಿಂದ ಮುಂಜಾನೆ ಹಾಲು ಕರೆಯುವ ಕೆಲಸವನ್ನು ಅಜ್ಜಿಯೇ ವಹಿಸಿಕೊಂಡಳು. ಹಗಲಿನಲ್ಲಿ ಅವ್ವ ಚಾಪೆ ಹಾಸಿದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಯಾರಿಗೆ ಕಾಯಿಲೆಯಾದರೂ ಆಸ್ಪತ್ರೆಗೆ ಅಜ್ಜಿ ಜೊತೆಗೆ ಹೋಗುತ್ತಿದ್ದಳು; ನನ್ನ ಹಾಳೆಯನ್ನು ಮತ್ತೆ ಯಾರೂ ಕೇಳಲಿಲ್ಲ.