ಚೈನಿನ ಕಡೆಯ ಕಪ್

ಹಳೇ ಸೈಕಲ್ಲಿನ ಪೆಡಲ್ ಆಕ್ಸಲ್ ಬದಲಿಸಲು ಮೊಮ್ಮಗ ಇವತ್ತು ಅಂಗಳದಲ್ಲಿ ಕೂತಿದ್ದ. ಗ್ರೀಸಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮಪ್ಪನ ಮೇಲಿನ ಸಿಟ್ಟು ಮತ್ತೆ ಉಕ್ಕಿತು.

ಆಗ ನಾನಿನ್ನೂ ಚಿಕ್ಕವಳು; ಯುದ್ಧದ ಕಾಲ, ಸೈಕಲ್ಲಿನ ಬಿಡಿಭಾಗ ಸಿಗುವುದೇ ಕಷ್ಟ. ಸಮೇತನಹಳ್ಳಿಯ ನಮ್ಮ ಜಗಲಿಯಲ್ಲಿ ಅಪ್ಪ, ತಿಂಗಳುಗಟ್ಟಲೆ ಕಾದು ತಂದ ಹೊಸ ಪೆಡಲ್ ಆಕ್ಸಲ್ ಹಾಕಲು, ಅದನ್ನು ಫ್ರೇಮಿನಲ್ಲಿ ಹಿಡಿದಿಡುವ, ಚೈನಿನ ಕಡೆಯ ತಿರುಪಿನ ಕಪ್ ಬಿಚ್ಚುತ್ತಿದ್ದ.

"ಅದು ಉಲ್ಟಾ ತಿರುಗುತ್ತೆ ಕಣ್ರೀ. ಹೊಸಕೋಟೆ ಸೈಕಲ್ ಅಂಗಡೀಲಿ ನೋಡಿದ್ದೀನಿ," ಅಂದಳು ಅಮ್ಮ.

"ಮುದ್ದೆ ತೊಳ್ಸೋಳು ನಂಗೆ ಹೇಳ್ಕೊಡ್ತೀಯಾ?" ಎಂದವನೇ ಅಪ್ಪ ಉಳಿಯಿಟ್ಟು ಸುತ್ತಿಗೆಯಿಂದ ಬಡಿದ. ಕಪ್ಪಿನ ಜೊತೆ ಫ್ರೇಮೂ ಸೀಳಿತು.

ಹೊಸಕೋಟೆ ಶಾಲೆಗೆ ನನ್ನನ್ನು ಒಯ್ಯುತ್ತಿದ್ದದ್ದು ಅದೇ ಸೈಕಲ್ಲು. ನನ್ನ ಓದು ಅಲ್ಲಿಗೇ ನಿಂತಿತು. ಅಪ್ಪ ಮಾತ್ರ "ಮಾಲೇ ಸರಿಯಿಲ್ಲ" ಅಂತ ಊರೆಲ್ಲ ಹೇಳಿಕೊಂಡು ತಿರುಗಿದ.

"ಉಲ್ಟಾ ತಿರುಗಿಸೋ," ಎಂದೆ, ಅದೇ ಕಡೆಯ ಕಪ್ಪಿಗೆ ಸ್ಪ್ಯಾನರ್ ಹಾಕಿ ತಿಣುಕುತ್ತಿದ್ದ ಮೊಮ್ಮಗನಿಗೆ.

"ನಿಂಗೇನಜ್ಜಿ ಗೊತ್ತು?" ಎಂದು ನಕ್ಕ.

ಸ್ಪ್ಯಾನರ್ ಕಿತ್ತುಕೊಂಡು ನಾನೇ ಕೂತೆ.